ಕ್ವಾಮೆನಾ ಮಲಗಿದ ಮಂಗಳವಾರ

ಎಬೋ ಸಾಗೋ ತನ್ನ ಜೀವಮಾನದಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಯಾವುದು ಎಂದು ನಮ್ಮ ಮೀನುಗಾರರ ಊರು ಎಲ್ಮಿನಾದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ. "ನಿಮ್ಮ ಫೋಟೋ ಭಾರ ಜಾಸ್ತಿ." ಹಿನ್ನೀರಿನ ಸೇತುವೆಯ ಪಕ್ಕ, ದೋಣಿ ಮೋಟಾರು ರಿಪೇರಿ ಮಾಡುವ ಅಂಗಡಿಯ ಹಿಂದೆ ಅವನದೊಂದು ಕೋಣೆ. ಅಲ್ಲಿಗೆ ಯಾರಾದರೂ ಬಂದು, ಫೋನು ಮುಂದೆ ಹಿಡಿದು, ಫೋಟೋ ಹೋಗುತ್ತಿಲ್ಲ ಅಂದರೆ ಸಾಕು, ಫೋನನ್ನು ಮುಟ್ಟುವ ಮುಂಚೆಯೇ ಅವನ ತೀರ್ಪು ಹೊರಬಿದ್ದಿರುತ್ತಿತ್ತು. ಹತ್ತರಲ್ಲಿ ಎಂಟು ಸಲ ಅದು ನಿಜವೂ ಆಗಿರುತ್ತಿತ್ತು ಅನ್ನಿ. ಅದರಿಂದಲೇ ಆ ಮಾತು ಅವನ ನಾಲಗೆಗೆ ಅಂಟಿಕೊಂಡುಬಿಟ್ಟಿತ್ತು.

"ಫೋಟೋ ಅಲ್ಲ ಕಣೋ ಭಾರ, ನಾನೇ ಭಾರ," ಎಂದು ಎದುರಿನ ಓಣಿಯಲ್ಲಿ ಮೀನಿಗೆ ಹೊಗೆ ಹಾಕುವ ಮಾನ್ಸಾ ರೇಗಿಸುತ್ತಿದ್ದಳು. "ನನ್ನನ್ನೂ ಸ್ವಲ್ಪ ಕುಗ್ಗಿಸಿ ಕಳ್ಸೋ, ನನ್ನ ಗಂಡ ಎತ್ಕೊಂಡು ಓಡಾಡ್ಲಿ."

ನಮ್ಮಲ್ಲಿ ಮಂಗಳವಾರ ಸಮುದ್ರಕ್ಕೆ ರಜೆ. ಅಂದು ಯಾವ ದೋಣಿಯೂ ನೀರಿಗಿಳಿಯುವಂತಿಲ್ಲ. ಎಬೋ ಹುಟ್ಟಿದ್ದು ಮಂಗಳವಾರವೇ. ರಜೆಯ ದಿನ ಹುಟ್ಟಿದವನಿಗೆ ಜೀವನವಿಡೀ ರಜೆ ಎಂದು ಸೋದರಮಾವಂದಿರು ಆಡಿಕೊಳ್ಳುತ್ತಿದ್ದರು. ಹದಿನಾರನೆಯ ವಯಸ್ಸಿನಲ್ಲಿ ಒಂದೇ ಒಂದು ಸಲ ಅವರ ಜೊತೆ ದೋಣಿ ಹತ್ತಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊಸ ಬಲೆಯ ಮೇಲೆ ಕಾರಿ ಬಂದವನು ಮತ್ತೆ ಹತ್ತಲಿಲ್ಲ. ಮರುವರ್ಷ ಪೇಟೆಯ ಫೋಟೋ ಸ್ಟುಡಿಯೋ ಸೇರಿಕೊಂಡ. ಅಲ್ಲಿ ಮದುವೆಗಿಂತ ಸಾವಿನ ಮನೆಗಳ ಕೆಲಸವೇ ಹೆಚ್ಚು. ತೀರಿಕೊಂಡವರಿಗೆ ಚೆಂದದ ಬಟ್ಟೆ ಉಡಿಸಿ, ಬಿಳಿ ಹಾಸಿನ ಮೇಲೆ ಮಲಗಿಸಿ, ಎರಡೂ ಕೈಗಳನ್ನು ಎದೆಯ ಮೇಲಿಟ್ಟಿರುತ್ತಾರೆ. ಎಬೋ ಏಣಿ ಹತ್ತಿ ಮೇಲಿನಿಂದ ದೀಪ ಹಿಡಿಯಬೇಕು. ಹಾಗೆ ಹನ್ನೊಂದು ವರ್ಷ ಹಿಡಿದ. ಅದರ ಫಲವಾಗಿ, ಮಲಗಿರುವ ಮನುಷ್ಯರನ್ನು ನಿಂತು ನೋಡುವುದು ಅವನಿಂದ ಆಗದೇ ಹೋಯಿತು. ಮಧ್ಯಾಹ್ನ ಹೆಂಡತಿ ಸ್ವಲ್ಪ ಅಡ್ಡಾದರೂ "ಏಳು, ಏಳು" ಎಂದು ಭುಜ ಹಿಡಿದು ಅಲ್ಲಾಡಿಸುತ್ತಿದ್ದ. ಅವಳು ಬೈದು ಮಗ್ಗುಲು ಬದಲಾಯಿಸಿದ ಮೇಲೆಯೇ ಅವನಿಗೆ ಸಮಾಧಾನ.

ಸ್ಟುಡಿಯೋ ಮುಚ್ಚಿತು, ಎಲ್ಲರ ಕೈಗೂ ಫೋನು ಬಂತು. ಎಬೋ ಕಂಪ್ಯೂಟರಿನ ಕೆಲಸವನ್ನು ಅಲ್ಲಿ ಇಲ್ಲಿ ಕಲಿತು, ದೋಣಿಯವರ ಸಂಘಕ್ಕೆ ಒಂದು ವೆಬ್ ಪುಟ ಮಾಡಿಕೊಟ್ಟ. ಅದರ ಹೆಸರು 'ಹೊರಗಿರುವವರು'. ನಮ್ಮ ಕಡೆಯ ದೋಣಿಗಳು ಮೋಟಾರು ಕೆಟ್ಟರೆ ನೀರಿನ ಸೆಳೆತಕ್ಕೆ ಸಿಕ್ಕಿ ಮೂಡಣಕ್ಕೆ ಹೋಗುತ್ತವೆ. ಟೋಗೋ, ಬೆನಿನ್, ಇನ್ನೂ ಆಚೆ. ಆ ತೀರದಲ್ಲೆಲ್ಲ ನಮ್ಮ ಜನ ಗುಡಿಸಲು ಹಾಕಿಕೊಂಡಿದ್ದಾರೆ. ಕಾಣೆಯಾದವನ ಫೋಟೋ ಪುಟದಲ್ಲಿದ್ದರೆ ಅವರಲ್ಲಿ ಯಾರಾದರೂ ಗುರುತು ಹಿಡಿದಾರು. ಅವರಿಗೆ ಯಾರಾದರೂ ಸಿಕ್ಕಿದರೆ ಅವರೂ ಅಲ್ಲಿಂದಲೇ ಫೋಟೋ ಕಳಿಸಬಹುದು. ಏಳು ವರ್ಷದಲ್ಲಿ ಹೀಗೆ ಹತ್ತೊಂಬತ್ತು ಜನ ಜೀವಂತ ಮನೆಗೆ ಬಂದಿದ್ದಾರೆ. ಬಾರದವರ ಫೋಟೋಗಳನ್ನು, ಮನೆಯವರು ಒಪ್ಪಿದ ಮೇಲೆ, ಎಬೋ 'ವಿಶ್ರಾಂತಿಯಲ್ಲಿರುವವರು' ಎಂಬ ಇನ್ನೊಂದು ಪುಟಕ್ಕೆ ದಾಟಿಸುತ್ತಾನೆ. ಆ ಕಡೆ ಇನ್ನೂರಕ್ಕೂ ಹೆಚ್ಚು ಮುಖಗಳಿವೆ. ಸಂಜೆ ಕಂಪ್ಯೂಟರು ಆರಿಸುವಾಗ ಆ ಮುಖಗಳೆಲ್ಲ ತನ್ನ ಬೆನ್ನನ್ನೇ ನೋಡುತ್ತಿವೆ ಅನ್ನಿಸಿ, ಅವನು ಹಿಂದೆ ತಿರುಗದೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದ.

ಪುಟಕ್ಕೆ ಇದ್ದ ಕಟ್ಟಳೆ ಒಂದೇ. ಅದನ್ನು ಮಾಡಿದವರು ತೀರದ ಹೆಂಗಸರು. ಹೊರಗಿರುವವರ ಫೋಟೋ ನಿಂತಿರುವ ಫೋಟೋ ಆಗಿರಬೇಕು, ಕೂತದ್ದೂ ಬೇಡ. ಮಲಗಿದವನ ಚಿತ್ರವನ್ನು ಊರಿಗೆ ತೋರಿಸಿದರೆ ಅದಕ್ಕೆ ಅರ್ಥ ಒಂದೇ, ಅದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆ ವರ್ಷ ಒಂದು ಬುಧವಾರ ಕ್ವಾಮೆನಾ ಎಂಬ ಇಪ್ಪತ್ತನಾಲ್ಕರ ಹುಡುಗ ಒಬ್ಬನೇ ಹೋಗುವ ಪುಟ್ಟ ದೋಣಿಯಲ್ಲಿ ಬಲೆ ಎತ್ತಲು ಹೋದವನು ಮರಳಲಿಲ್ಲ. ಹುಡುಕಲು ಹೋದ ದೋಣಿಗಳು ಮೂರು ದಿನ ಬಿಟ್ಟು ಬರಿಗೈಯಲ್ಲಿ ಬಂದವು. ಅವನ ತಾಯಿ ಒಟುವಾ, ಊರಿಗೆಲ್ಲ ಮಾಮೆ ಒಟುವಾ, ಮೆಕ್ಕೆಜೋಳದ ಹಿಟ್ಟಿನ ಕೆಂಕಿ ಬೇಯಿಸಿ ಮಾರುವವಳು. ಗಂಡ ಸತ್ತು ಹೋಗಿದ್ದ, ಇದ್ದವನು ಇವನೊಬ್ಬನೇ. ನಮ್ಮಲ್ಲಿ ಮಕ್ಕಳು ತಾಯಿಯ ಕುಲದವರು. ಸಾವನ್ನು ಒಪ್ಪುವುದೋ ಕಾಯುವುದೋ ಎಂದು ಹೇಳಬೇಕಾದವನು ಆ ಕುಲದ ಹಿರಿಯ, ಒಟುವಾಳ ಸೋದರಮಾವ, ಎಲ್ಲರೂ ಗೌರವದಿಂದ 'ಎಜಿಯಾ' ಎಂದು ಕರೆಯುವ ಆಂಪಾ. ಮುದುಕ ಕೆಟ್ಟವನಲ್ಲ. ಆದರೆ ಆತ್ಮ ಅತ್ತಿತ್ತ ಅಲೆಯಬಾರದು, ಬೇಗ ಕಳಿಸಿಕೊಡಬೇಕು ಎಂಬ ಆತುರ ಅವನಿಗೆ. ಒಟುವಾ ಮಾತ್ರ ಒಂದೇ ಹಟ ಹಿಡಿದು ಕೂತಳು. "ನನ್ನ ಮಗ ಹೊರಗಿದ್ದಾನೆ. ಹೊರಗಿರೋನ ಮೇಲೆ ಯಾರೂ ಸಾವಿನ ಕೆಂಪು ಬಟ್ಟೆ ಉಡೋ ಹಾಗಿಲ್ಲ."

ಅವಳು ದಿನಾ ಬೆಳಿಗ್ಗೆ ಕೆಂಕಿಯ ಪಾತ್ರೆ ತಲೆಯ ಮೇಲಿಟ್ಟುಕೊಂಡೇ ಎಬೋನ ಬಾಗಿಲಿಗೆ ಬರುತ್ತಿದ್ದಳು.

"ಏನಾದ್ರೂ ಬಂತೇನಪ್ಪಾ?"

"ಏನೂ ಬಂದಿಲ್ಲ ಮಾಮೆ."

"ಎಕುವಾ ಫೋಟೋ ಕಳಿಸ್ತಾನೇ ಇದಾಳಂತೆ. ಆಗ್ಲಿಲ್ಲ, ಆಗ್ಲಿಲ್ಲ ಅಂತ ಬರ್ತಿದೆಯಂತಲ್ಲ?"

ಎಕುವಾ ಅಂದರೆ ಕ್ವಾಮೆನಾನ ಹೆಂಡತಿ, ಆರು ತಿಂಗಳ ಬಸುರಿ. ಎಬೋ ತಲೆಯೆತ್ತದೆ, "ಫೋಟೋ ಭಾರ ಜಾಸ್ತಿ ಮಾಮೆ. ಸಣ್ಣದು ಮಾಡಿ ಕಳ್ಸೋಕೆ ಹೇಳಿ," ಅನ್ನುತ್ತಿದ್ದ. ಅವಳು ಸೊಸೆಗೆ ಹೇಳುತ್ತಿದ್ದಳು. ಸೊಸೆ ಮತ್ತೆ ಕಳಿಸುತ್ತಿದ್ದಳು. ಮತ್ತೆ ಆಗುತ್ತಿರಲಿಲ್ಲ. ಹೀಗೇ ಎರಡು ವಾರ ಕಳೆಯಿತು.

ಇಪ್ಪತ್ತನೆಯ ದಿನ, ಸೋಮವಾರ ಮಧ್ಯಾಹ್ನ, ಒಟುವಾ ಸೊಸೆಯ ಫೋನನ್ನೇ ಕಿತ್ತುಕೊಂಡು ಬಂದು ಎಬೋನ ಮೇಜಿನ ಮೇಲೆ ಕುಕ್ಕಿದಳು. "ನೀನೇ ಹಾಕು. ಹಾಕೋ ತನಕ ಏಳಲ್ಲ."

ಎಬೋ ಫೋಟೋ ತೆರೆದು ನೋಡಿದ. ಒಗೆದು ಒಣಹಾಕಿದ ಬಿಳಿ ಹಚ್ಚಡದ ಮುಂದೆ ಹುಡುಗ ಹಸಿರು ಅಂಗಿ ತೊಟ್ಟು ನಿಂತಿದ್ದ. ದೊಡ್ಡ ಮನುಷ್ಯನ ಗತ್ತು ತೋರಿಸಲು ಎರಡೂ ಕೈ ಎದೆಯ ಮೇಲೆ ಇಟ್ಟುಕೊಂಡಿದ್ದ. ಬಿಸಿಲಿಗೆ ಕಣ್ಣು ಮುಚ್ಚಿಹೋಗಿತ್ತು. ಇರುವುದು ಇದೊಂದೇ, ಉಳಿದ ಫೋಟೋಗಳೆಲ್ಲ ಅವನ ಫೋನಿನಲ್ಲಿದ್ದವು, ಆ ಫೋನು ಅವನ ಜೊತೆಗಿದೆ ಎಂದಳು ಒಟುವಾ. ನಿಂತಿದ್ದಾನಲ್ಲ, ಸಾಕು ಎಂದುಕೊಂಡ ಎಬೋ. ಭಾರ ನೋಡಿದ. ಭಾರ ಸರಿಯಾಗಿಯೇ ಇತ್ತು. ಕಳಿಸಿದ, ಆಗಲಿಲ್ಲ. ಇನ್ನೂ ಕುಗ್ಗಿಸಿ ಕಳಿಸಿದ, ಆಗಲಿಲ್ಲ. ಹೆಸರು ಬದಲಿಸಿ ಕಳಿಸಿದ, ಆಗಲಿಲ್ಲ. ಆಗ ಅವನ ಕಿವಿಯ ಬುಡ ಬಿಸಿಯಾಯಿತು.

ಹುಡುಗ ಕಾಣೆಯಾದ ಐದನೆಯ ದಿನ, ಒಂದು ಭಾನುವಾರ, ಎಬೋ ಪುಟವನ್ನು ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸಿದ್ದ. ಬಂದ ಫೋಟೋ ಮೊದಲು ಹೊರಗಿನ ಒಂದು ಫೋಲ್ಡರಿನಲ್ಲಿ ಇಳಿಯುತ್ತದೆ, ನೆಂಟರು ಜಗುಲಿಯಲ್ಲಿ ಕೂತ ಹಾಗೆ. ಅಲ್ಲಿಂದ ಸರ್ವರು ಅದನ್ನು ಕುಗ್ಗಿಸಿ ಒಳಗಿನ ಫೋಲ್ಡರಿಗೆ ಒಯ್ದು ಇಡಬೇಕು. ಒಳಗೆ ಇಡಲು ಅನುಮತಿ ಬರೆದಿರಬೇಕು. ಹೊಸ ಸರ್ವರಿನಲ್ಲಿ ಆ ಅನುಮತಿ ಬರೆಯುವುದನ್ನು ಎಬೋ ಮರೆತಿದ್ದ. ಹದಿನೈದು ದಿನದಿಂದ ಯಾರ ಫೋಟೋಗೂ ಒಳಗೆ ಪ್ರವೇಶವಿರಲಿಲ್ಲ. ಎಕುವಾಳ ಫೋಟೋ ಭಾರವಾಗಿರಲೇ ಇಲ್ಲ.

ಒಂದು ಸಾಲಿನ ಕೆಲಸ. ಎಬೋ ಆ ಸಾಲು ಬರೆದ. ಒಟುವಾಳಿಗೆ ಏನನ್ನೂ ಹೇಳಲಿಲ್ಲ. ಫೋಟೋ ಕಳಿಸಿದ. 'ಸ್ವೀಕರಿಸಲಾಗಿದೆ' ಎಂದು ಬಂತು, ಅದರ ಬೆನ್ನಿಗೇ ಊರಿಗೆಲ್ಲ ಕರೆಂಟು ಹೋಗಿ ಪರದೆ ಕಪ್ಪಾಯಿತು.

"ಆಯ್ತು ಮಾಮೆ. ನಿಮ್ಮ ಮಗ ಪುಟದಲ್ಲಿದ್ದಾನೆ."

"ನಿಂತಿದ್ದಾನಾ?"

"ನಿಂತಿದ್ದಾನೆ. ನಾನೇ ನೋಡಿದೀನಲ್ಲ."

ನೋಡಿದ್ದು ಫೋನಿನಲ್ಲಿ, ಪುಟದಲ್ಲಿ ಅಲ್ಲ. ಆ ವ್ಯತ್ಯಾಸ ಅವನಿಗೆ ಹೊಳೆಯಲಿಲ್ಲ. ಕರೆಂಟು ಬರುವ ಲಕ್ಷಣ ಕಾಣದೆ ಬಾಗಿಲು ಹಾಕಿ ಮನೆಗೆ ಹೋದ.

ಮರುದಿನ ಮಂಗಳವಾರ. ಬೇರೆ ಯಾವ ದಿನವಾಗಿದ್ದರೂ ಗಂಡಸರು ನೀರಿನ ಮೇಲಿರುತ್ತಿದ್ದರು, ಹೆಂಗಸರು ಮೀನಿನ ಬುಟ್ಟಿಯ ಹಿಂದೆ ಬಿದ್ದಿರುತ್ತಿದ್ದರು, ಪುಟವನ್ನು ನೋಡಲು ಯಾರಿಗೆ ಪುರುಸೊತ್ತು? ಅಂದು ಇಡೀ ತೀರವೇ ಮರಳಿನ ಮೇಲೆ ಕೂತಿತ್ತು. ಮಡಿಲಲ್ಲಿ ಹರಿದ ಬಲೆ, ಕೈಯಲ್ಲಿ ಫೋನು. ಎಬೋ ಒಂಬತ್ತು ಗಂಟೆಗೆ ಬೀಗ ತೆಗೆಯುತ್ತಿದ್ದಾಗ ಮಾನ್ಸಾ ಏದುಸಿರು ಬಿಡುತ್ತ ಬಂದಳು. ಅವಳ ಮುಖದಲ್ಲಿ ಎಂದಿನ ಕೀಟಲೆ ಇರಲಿಲ್ಲ.

"ಹೆಣ ಎಲ್ಲಿ ಸಿಕ್ತೋ ಎಬೋ?"

"ಯಾರ ಹೆಣ?"

"ಯಾರ ಹೆಣ ಅಂತೀಯಲ್ಲೋ! ನೀನೇ ಹಾಕಿ ನೀನೇ ಕೇಳ್ತೀಯಾ?" ಎಂದು ಫೋನನ್ನು ಅವನ ಮೂಗಿಗೆ ಹಿಡಿದಳು.

ಕ್ವಾಮೆನಾ ಮಲಗಿದ್ದ. ಬಿಳಿ ಹಾಸಿನ ಮೇಲೆ, ಎರಡೂ ಕೈ ಎದೆಯ ಮೇಲೆ, ಕಣ್ಣು ಮುಚ್ಚಿ. ಒಂದು ಕ್ಷಣ ಅವನು ಏಣಿಯ ಮೇಲೆ ದೀಪ ಹಿಡಿದು ನಿಂತಿದ್ದ.

ಆಮೇಲೆ ಅರ್ಥವಾಯಿತು. ಫೋನನ್ನು ಹೇಗೇ ಹಿಡಿದು ತೆಗೆದರೂ ಅದು ಚಿತ್ರವನ್ನು ಅಡ್ಡಲಾಗಿಯೇ ಬರೆದುಕೊಂಡು, ಪಕ್ಕದಲ್ಲಿ 'ಇದನ್ನು ಎತ್ತಿ ನಿಲ್ಲಿಸಿ ತೋರಿಸು' ಎಂದು ಒಂದು ಚೀಟಿ ಅಂಟಿಸಿಡುತ್ತದೆ. ಫೋನು ಆ ಚೀಟಿಯನ್ನು ಓದುತ್ತದೆ. ಹೊಸ ಸರ್ವರು ಚಿತ್ರವನ್ನು ಕುಗ್ಗಿಸುವಾಗ ಚೀಟಿಯನ್ನು ಕಿತ್ತೆಸೆದಿತ್ತು. ಅಷ್ಟೇ ಆದದ್ದು. ಆದರೆ ಆ ಅಷ್ಟೇ ಎಂಬುದನ್ನು ಹೊರಗೆ ಹೇಳುವ ಮುಂಚೆಯೇ ತೀರದಲ್ಲಿ ಅಳು ಎದ್ದಿತ್ತು. ಆಂಪಾನ ಮನೆಯ ಮುಂದೆ ಸಾವಿಗೆ ಬರುವವರಿಗೆಂದು ಕುರ್ಚಿಗಳು ಇಳಿಯುತ್ತಿದ್ದವು. ಯಾರೋ ಒಟುವಾಳ ತಲೆಗೆ ಕೆಂಪು ಬಟ್ಟೆ ಕಟ್ಟಿದ್ದರಂತೆ. ಅವಳು ಅದನ್ನು ಕಿತ್ತು ಕೈಯಲ್ಲಿ ಸುತ್ತಿಕೊಂಡು, ಬರಿಗಾಲಲ್ಲಿ, ಹಿಂದೆ ಅರ್ಧ ಊರನ್ನು ಕಟ್ಟಿಕೊಂಡು ಬಂದಳು.

"ನನ್ನ ಮಗನ್ನ ಯಾಕೋ ಮಲಗಿಸ್ದೆ?"

"ಮಾಮೆ, ಅದು ಫೋಟೋ ತಿರುಗಿದ್ದು. ಅವನಿಗೇನೂ ಆಗಿಲ್ಲ—"

"ಯಾಕೆ ಮಲಗಿಸ್ದೆ ಅಂತ ಕೇಳ್ದೆ!"

ಎಬೋ ಚಿತ್ರವನ್ನೇ ತಿರುಗಿಸಿ, ಚೀಟಿಯ ಹಂಗಿಲ್ಲದಂತೆ ನೆಟ್ಟಗೆ ಮಾಡಿ, ಮತ್ತೆ ಕಳಿಸಿದ. ಪರದೆಯ ಮೇಲೆ ಕ್ವಾಮೆನಾ ಎದ್ದು ನಿಂತ. ಬಾಗಿಲಲ್ಲಿದ್ದವರು ನಿಟ್ಟುಸಿರು ಬಿಟ್ಟರು. ಆದರೆ ಮಾನ್ಸಾ ತನ್ನ ಫೋನನ್ನು ನೋಡಿ ಚೀರಿದಳು. "ಇಲ್ಲಿನ್ನೂ ಮಲಗೇ ಇದಾನಲ್ಲೋ!"

ಎಲ್ಲರೂ ತಮ್ಮ ತಮ್ಮ ಫೋನು ತೆಗೆದರು. ಬೆಳಿಗ್ಗೆ ನೋಡಿದವರ ಫೋನಿನಲ್ಲೆಲ್ಲ ಅವನು ಮಲಗಿದ್ದ. ಆಗ ತಾನೇ ಪುಟ ತೆರೆದವರ ಫೋನಿನಲ್ಲಿ ನಿಂತಿದ್ದ. ಅಕ್ಕಪಕ್ಕ ನಿಂತ ಅಣ್ಣತಮ್ಮಂದಿರ ಕೈಯಲ್ಲೇ ಒಂದರಲ್ಲಿ ಹೀಗೆ, ಒಂದರಲ್ಲಿ ಹಾಗೆ. ಜನ ಫೋನುಗಳನ್ನು ದೂರ ಹಿಡಿದುಕೊಂಡರು, ಬಿಸಿ ಕೆಂಡ ಹಿಡಿದವರ ಹಾಗೆ.

ಆಂಪಾ ಕೋಲೂರಿಕೊಂಡು ಒಳಗೆ ಬಂದ. "ಏನಿದು ಎಬೋ?"

"ಒಂದ್ಸಲ ನೋಡಿದ ಚಿತ್ರನ ಫೋನು ತನ್ನತ್ರಾನೇ ಇಟ್ಕೊಂಡಿರುತ್ತೆ ಎಜಿಯಾ. ಮತ್ತೆ ಸರ್ವರನ್ನ ಕೇಳೋಕೆ ಹೋಗಲ್ಲ. ಹಳೇದನ್ನೇ ತೋರಿಸುತ್ತೆ."

"ಅಂದ್ರೆ ಮಷೀನೂ ಕಂಡಿದ್ದನ್ನ ಮರೆಯಲ್ಲ ಅನ್ನು. ಮತ್ತೆ ನಾವು ಮರೀಬೇಕಾ? ಹುಡುಗ ಅತ್ತ ಒಂದು ಕಾಲು, ಇತ್ತ ಒಂದು ಕಾಲು ಇಟ್ಕೊಂಡು ಒದ್ದಾಡ್ತಿದ್ದಾನೆ. ನನ್ನನ್ನ ಬಿಟ್ಟುಕೊಡಿ ಅಂತಿದ್ದಾನೆ. ಶನಿವಾರ ಕುಲದವರು ಕೂರೋಣ."

ಒಟುವಾ ಆಂಪಾನ ಮುಖವನ್ನೂ ನೋಡಲಿಲ್ಲ. "ಎಲ್ಲಾ ಫೋನಲ್ಲೂ ನಿಲ್ಲಿಸು," ಎಂದಳು ಎಬೋಗೆ. "ಒಂದರಲ್ಲಿ ಮಲಗಿದ್ರೂ ನಾನು ಒಪ್ಪಲ್ಲ."

ಎಬೋ ಚಿತ್ರಕ್ಕೆ ಬೇರೆ ಹೆಸರಿಟ್ಟು ಕಳಿಸಿದ. ಹೆಸರು ಹೊಸದಾದರೆ ಫೋನು ಹಳೆಯದನ್ನು ಬಿಟ್ಟು ಹೊಸದನ್ನು ಕೇಳಲೇಬೇಕು. ಒಟುವಾ ಅಷ್ಟಕ್ಕೇ ಬಿಡಲಿಲ್ಲ. ಅವನ ತೋಳು ಹಿಡಿದು ತೀರಕ್ಕೆ ಎಳೆದುಕೊಂಡು ಹೋದಳು. ಸೇತುವೆಯಿಂದ ಹಿಡಿದು ಕೋಟೆಯ ಕೆಳಗಿನ ಕಲ್ಲುಗಳವರೆಗೆ, ಬಲೆಯಿಂದ ಬಲೆಗೆ, ಒಬ್ಬೊಬ್ಬರ ಮುಂದೆಯೂ ನಿಂತು "ತೋರ್ಸು" ಎಂದಳು. ಎಬೋ ಒಬ್ಬೊಬ್ಬರ ಫೋನನ್ನೂ ತೆಗೆದುಕೊಂಡು ಪುಟವನ್ನು ಮತ್ತೆ ತೆರೆದ. ಎಪ್ಪತ್ತಕ್ಕೂ ಹೆಚ್ಚು ಫೋನುಗಳು. ಎಪ್ಪತ್ತಕ್ಕೂ ಹೆಚ್ಚು ಸಲ ಅವನ ಬೆರಳ ಕೆಳಗೆ ಆ ಹುಡುಗ ಎದ್ದು ನಿಂತ. ಸಂಜೆಯ ಹೊತ್ತಿಗೆ ಎಬೋನ ಕಣ್ಣಿಗೆ ನಿಂತವರು, ಮಲಗಿದವರು ಎಲ್ಲ ಒಂದೇ ಆಗಿದ್ದರು. ಆಂಪಾ ದೂರದಿಂದ ಇದನ್ನೆಲ್ಲ ನೋಡಿ, "ಸರಿ ಬಿಡು, ನಲವತ್ತನೇ ದಿನದ ತನಕ ಕಾಯೋಣ," ಎಂದು ಕುರ್ಚಿಗಳನ್ನು ವಾಪಸು ಕಳಿಸಿದ.

ಹೋಗುವಾಗ ಒಟುವಾ ಎಬೋನ ತಲೆ ಮುಟ್ಟಿ, "ದೇವರು ನಿನ್ನ ಚೆನ್ನಾಗಿಟ್ಟಿರಲಿ ಕಣಪ್ಪಾ. ನನ್ನ ಮಗನ್ನ ಎಬ್ಬಿಸ್ದೆ," ಎಂದಳು.

ಮರುದಿನ ಎಬೋ ಮೊದಲ ಸಲ ಹೊಸ ಸರ್ವರನ್ನು ಕೂಲಂಕಷವಾಗಿ ನೋಡಲು ಕೂತ. ಇನ್ನೇನು ಎಡವಟ್ಟು ಮಾಡಿದ್ದೇನೋ ಎಂಬ ಭಯ. ಆಗ ಹೊರಗಿನ ಆ ಫೋಲ್ಡರಿನ ನೆನಪಾಯಿತು. ಅನುಮತಿಯಿಲ್ಲದೆ ಒಳಗೆ ಹೋಗಲಾರದ ಫೋಟೋಗಳು ಅಲ್ಲೇ ಉಳಿದಿರುತ್ತವಲ್ಲ. ತೆರೆದು ನೋಡಿದರೆ ಹದಿನಾಲ್ಕು ಇದ್ದವು. ಒಂಬತ್ತು ಎಕುವಾ ಕಳಿಸಿದ್ದು, ಒಂದೇ ಫೋಟೋ ಒಂಬತ್ತು ಸಲ. ಮೊದಲನೆಯದು ಆರನೆಯ ದಿನದ್ದು. ಒಂದಕ್ಕಿಂತ ಒಂದು ಸಣ್ಣದು. ಅವನು ಹೇಳಿಕಳಿಸಿದಂತೆಲ್ಲ ಪಾಪ ಆ ಹುಡುಗಿ ಗಂಡನನ್ನು ಕುಗ್ಗಿಸುತ್ತ ಹೋಗಿದ್ದಳು.

ಉಳಿದ ಐದನ್ನು ಬೇರೆ ಯಾರೋ ಕಳಿಸಿದ್ದರು. ಅವೂ ಒಂದೇ ಫೋಟೋದ ಐದು ಪ್ರತಿ. ಎಬೋ ಒಂದನ್ನು ತೆರೆದ. ಹಸಿರು ಅಂಗಿಯ ಹುಡುಗನೊಬ್ಬ ಗೋಡೆಗೆ ಒರಗಿ ನಿಂತಿದ್ದ. ಯಾಕೋ ತುಂಬ ಸೊರಗಿದ್ದ, ತುಟಿ ಒಡೆದಿತ್ತು, ಕಣ್ಣು ಮುಚ್ಚಿತ್ತು. ಕ್ವಾಮೆನಾ! ಜೀವಂತ ಇದ್ದಾನೆ! ಎಬೋ ಕುರ್ಚಿಯಿಂದ ಎದ್ದೇಬಿಟ್ಟ. ಒಟುವಾಳ ಹೆಸರು ಕೂಗಲು ಬಾಯಿ ತೆರೆದವನು ಹಾಗೇ ನಿಂತ. ಗೋಡೆಯ ಮೇಲೆ ಏಡಿಯೊಂದರ ಹೆಜ್ಜೆಗುರುತಿತ್ತು. ಅದು ಗೋಡೆಯಲ್ಲ, ಮರಳು. ಯಾರೋ ಅವನ ಕಾಲ ಬಳಿ ನಿಂತು ಮೇಲಿನಿಂದ ತೆಗೆದ ಫೋಟೋ ಅದು.

ಜೊತೆಗೆ ನಾಲ್ಕು ಸಾಲು, ಒಂದು ಫೋನ್ ನಂಬರು ಬರೆದಿತ್ತು. ಬೆನಿನ್ನಿನ ಗ್ರಾಂ ಪೋಪೋ ಊರಿನಲ್ಲಿರುವ ನಮ್ಮವನೊಬ್ಬ ಬರೆದದ್ದು. 'ಇವತ್ತು ದೋಣಿಯಲ್ಲಿ ಸಿಕ್ಕಿದ. ಎಲ್ಮಿನಾ ಕಡೆಯ ಹುಡುಗ ಅನ್ನಿಸುತ್ತೆ. ಶನಿವಾರದವರೆಗೆ ಇಟ್ಟುಕೊಂಡಿರುತ್ತೇವೆ. ಅವನವರು ಯಾರಾದರೂ ಬನ್ನಿ.' ಕಳಿಸಿದ ದಿನ ನೋಡಿದ. ಒಂಬತ್ತನೆಯ ದಿನ, ಗುರುವಾರ.

ಪುಟದ ಕೆಳಗಿದ್ದ ಫೋನ್ ನಂಬರು ಸಂಘದ ಹಳೆಯ ಕಾರ್ಯದರ್ಶಿಯದು. ಅವನು ಊರು ಬಿಟ್ಟು ವರ್ಷವಾಗಿತ್ತು, ಆ ನಂಬರಿಗೆ ಕರೆ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ನಂಬರು ಬದಲಾಯಿಸಬೇಕು ಬದಲಾಯಿಸಬೇಕು ಎಂದುಕೊಳ್ಳುತ್ತಲೇ ಎಬೋ ಕಾಲ ಕಳೆದಿದ್ದ. ಈಗ ಅವನು ಗ್ರಾಂ ಪೋಪೋದ ನಂಬರಿಗೆ ಕರೆ ಮಾಡಿದ.

"ಶನಿವಾರ ಸಂಜೆವರೆಗೂ ಕಾದ್ವಿ ಅಣ್ಣಾ," ಎಂದ ಆ ಕಡೆಯವನು. "ಆಮೇಲೆ ಆಗ್ಲಿಲ್ಲ, ಬಿಸಿಲು ನೋಡಿ. ನಾವೇ ಹೂತ್ವಿ. ನಮ್ಮ ಹಾಡೇ ಹೇಳಿದ್ವಿ. ನೀರಿಲ್ದೆ ಹೋಗಿದ್ದು ಪಾಪ, ಒಂದು ದಿನ ಮುಂಚೆ ಅಷ್ಟೇ ಹೋಗಿರ್ಬೇಕು. ಅಲ್ಲಾ, ಅಷ್ಟು ಸಲ ಕಳಿಸಿದೆ, ಯಾಕೆ ತಗೊಳ್ಲಿಲ್ಲ ನಿಮ್ಮ ಪುಟ?"

ಎಬೋನ ನಾಲಗೆ ತಾನೇ ತಾನಾಗಿ ಹೊರಳಿತು. "ಫೋಟೋ ಭಾರ ಜಾಸ್ತಿ ಇತ್ತು," ಎಂದುಬಿಟ್ಟ.

ಫೋನಿಟ್ಟ ಮೇಲೆ ಅವನಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು. ಆದರೂ ಅವನು ಎದ್ದು ಒಟುವಾಳ ಮನೆಗೆ ಹೋಗಲಿಲ್ಲ. ಇದನ್ನು ನಾನು ಮುಚ್ಚಿಟ್ಟು ಹೇಳಲಾರೆ, ಅವನಿಗೆ ಹೆದರಿಕೆಯಾಯಿತು. ಹೇಳಿದರೆ ದಿನ ಯಾವುದು ಎಂದು ಕೇಳುತ್ತಾಳೆ. ಗುರುವಾರ ಆ ಫೋಟೋ ಒಳಗೆ ಬಂದಿದ್ದರೆ ಶುಕ್ರವಾರ ವ್ಯಾನು ಹತ್ತಿ ಶನಿವಾರಕ್ಕೆ ಮುಂಚೆ ಅವಳು ಮಗನ ಮುಖ ನೋಡಿರುತ್ತಿದ್ದಳು. ಮನೆಗೂ ತರಬಹುದಿತ್ತು.

ಗುರುವಾರ ಬೆಳಿಗ್ಗೆ ಒಟುವಾ ಬಂದಳು. ಪರದೆಯ ಮೇಲೆ ಮಗ ನಿಂತಿರುವುದನ್ನು ನೋಡಿದಳು, ಬೆರಳಿನಿಂದ ಅವನ ಕಾಲು ಮುಟ್ಟಿದಳು, ಎಲೆಯಲ್ಲಿ ಸುತ್ತಿದ ಎರಡು ಕೆಂಕಿ, ಹುರಿದ ಮೀನು ಮೇಜಿನ ಮೇಲಿಟ್ಟು ಹೋದಳು. ಎಬೋನಿಗೆ ಅದನ್ನು ಮುಟ್ಟಲಾಗಲಿಲ್ಲ. ಶುಕ್ರವಾರವೂ ಬಂದಳು. ಅಷ್ಟರಲ್ಲಿ ಅವನಿಗೆ ಕೋಣೆಯಲ್ಲಿ ಕೂರುವುದೇ ಕಷ್ಟವಾಗಿತ್ತು. ಪುಟದಲ್ಲಿ ಹುಡುಗ ನಿಂತಿದ್ದಾನೆ, ಹೊರಗಿನ ಫೋಲ್ಡರಿನಲ್ಲಿ ಅವನೇ ಕಾಯುತ್ತಿದ್ದಾನೆ. ಫ್ಯಾನು ತಿರುಗುವ ಸದ್ದಿನಲ್ಲೂ ಯಾರೋ ಬಾಗಿಲ ಹೊರಗೆ ಕಾಲು ಬದಲಿಸಿ ನಿಲ್ಲುವ ಸದ್ದು ಕೇಳುತ್ತಿತ್ತು. ಎರಡು ಸಲ ಎದ್ದು ಹೋಗಿ ನೋಡಿಬಂದ, ಯಾರೂ ಇರಲಿಲ್ಲ. ಆ ಫೋಟೋ ಅಳಿಸಿಬಿಡಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಬೆರಳು ಅಲ್ಲಿಯವರೆಗೂ ಹೋಯಿತು. ಅಳಿಸಿದರೆ ಹುಡುಗ ಎಲ್ಲಿಯೂ ಇಲ್ಲದವನಾಗುತ್ತಾನೆ ಅನ್ನಿಸಿ ಕೈ ಹಿಂದೆ ತೆಗೆದ.

"ಸೊರಗಿ ಕಡ್ಡಿ ಆಗಿದೀಯಲ್ಲೋ," ಎಂದಳು ಮಾನ್ಸಾ ಅಂದು ಸಂಜೆ. "ಈಗ ನಿನ್ನ ಫೋಟೋ ಗ್ಯಾರಂಟಿ ಹೋಗುತ್ತೆ ಬಿಡು."

ಶನಿವಾರ ಬೆಳಿಗ್ಗೆ ಒಟುವಾ ಬರುವ ಮುಂಚೆಯೇ ಎಬೋ ಅವಳಿಗೆಂದು ಒಂದು ಕುರ್ಚಿಯನ್ನು ಎದುರಿಗೆ ಎಳೆದಿಟ್ಟಿದ್ದ. ಅವಳು ಬಾಗಿಲಲ್ಲಿ ನಿಂತು ಕುರ್ಚಿಯನ್ನು ನೋಡಿದಳು, ಅವನನ್ನು ನೋಡಿದಳು. ಪಾತ್ರೆ ಇಳಿಸಿ ಕೂತಳು.

"ಬಂದಿದೆ, ಅಲ್ವಾ?"

"ಬಂದಿದೆ ಮಾಮೆ."

"ತೋರ್ಸು."

ಅವನು ತೋರಿಸಿದ. ಎಲ್ಲಿ ಸಿಕ್ಕಿದ, ಯಾರು ಹೂತರು, ಯಾವ ಹಾಡು ಹಾಡಿದರು ಎಲ್ಲ ಹೇಳಿದ. ಅವಳು ಅಳಲಿಲ್ಲ. ಮೂಗು ಪರದೆಗೆ ತಾ‍ಗುವಷ್ಟು ಬಗ್ಗಿ ನೋಡಿದಳು. ನೋಡುತ್ತ ನೋಡುತ್ತ ಅವಳ ತಲೆ ತಾನಾಗಿಯೇ ಒಂದು ಪಕ್ಕಕ್ಕೆ ವಾಲಿತು. "ಕಣ್ಣು ಮುಚ್ಚಿದ್ದಾರೆ. ಯಾರೋ ಒಳ್ಳೆಯವರು," ಎಂದಳು.

ಆಮೇಲೆ ಅವನು ಹೆದರಿದ್ದ ಪ್ರಶ್ನೆ ಬಂತು. "ಯಾವತ್ತು ಬಂತಿದು?"

ನಿನ್ನೆ ಎನ್ನಬಹುದಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ. ಎಬೋ, "ಒಂಬತ್ತನೇ ದಿನ," ಎಂದ.

ಅವಳು ಬೆರಳು ಮಡಿಸಿ ಎಣಿಸಿದಳು. "ಹತ್ತನೇ ದಿನ ಬೆಳಿಗ್ಗೆ ನಾನು ಇಲ್ಲಿಗೆ ಬಂದಿದ್ದೆ."

"ಬಂದಿದ್ರಿ."

"ಏನಾದ್ರೂ ಬಂತಾ ಅಂತ ಕೇಳಿದ್ದೆ."

"ಕೇಳಿದ್ರಿ."

"ನೀನು ಏನೂ ಬಂದಿಲ್ಲ ಅಂದೆ."

"ನಾನು ನೋಡಿರ್ಲಿಲ್ಲ ಮಾಮೆ. ಫೋಟೋಗಳು ಒಳಗೆ ಬರೋಕೆ ನಾನು ಅನುಮತಿ ಕೊಡೋದು ಮರೆತಿದ್ದೆ. ಎಕುವಾದೂ ಅದಕ್ಕೇ ಬರ್ಲಿಲ್ಲ. ಭಾರ ಗೀರ ಏನೂ ಇರ್ಲಿಲ್ಲ. ತಪ್ಪು ನಂದು."

ಹೊರಗೆ ಮೋಟಾರು ಅಂಗಡಿಯಲ್ಲಿ ಯಾರೋ ಎಂಜಿನ್ನು ಚಾಲೂ ಮಾಡಿ ನಿಲ್ಲಿಸಿದರು. ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಎಬೋ ಕಾದ. ಹೊಡೆಯಲಿ ಎಂದು ಅವನಿಗೆ ಮನಸಾರೆ ಅನ್ನಿಸಿತ್ತು. ಅವಳು ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ಅಂದ್ರೆ ಹನ್ನೊಂದು ದಿನ ನಾನು ದಿನಾ ಬಂದು ಕೇಳೋವಾಗ ಅವನು ಇಲ್ಲೇ ಇದ್ದ."

"ಇದ್ದ."

"ನಾನು ಸಮುದ್ರದ ಕಡೆ ನೋಡ್ತಿದ್ದೆ," ಎಂದಳು ಒಟುವಾ. "ನನ್ನ ಮಗ ಬಾಗಿಲ ತನಕ ಬಂದಿದ್ದ."

ಎಬೋ ಮುಖ ಮುಚ್ಚಿಕೊಂಡು ಬಿಕ್ಕಿದ. ಅವಳು ಅವನನ್ನು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಅವನ ಅಳು ಮುಗಿಯುವವರೆಗೆ ಕಾದು, ಸೆರಗಿನ ಗಂಟಿನಿಂದ ಕರವಸ್ತ್ರ ತೆಗೆದು ತನ್ನ ಮುಖವನ್ನು ಒರೆಸಿಕೊಂಡಳು.

"ಅವನನ್ನ ಆ ಕಡೆ ಹಾಕು," ಎಂದಳು.

"ಎಜಿಯಾ ಆಂಪಾನ್ನ ಕೇಳ್ಬೇಕಲ್ವಾ ಮಾಮೆ? ಇನ್ನೂ ಹದಿನೈದು ದಿನ ಇದೆ."

"ಅವರಿಗೆ ನಾನು ಹೇಳ್ತೀನಿ. ನೀನು ಹಾಕು. ನಿಂತಿರೋದನ್ನೇ ಹಾಕು. ಇದನ್ನ ಎಕುವಾ ನೋಡೋದು ಬೇಡ."

ಎಬೋ ಹಸಿರು ಅಂಗಿಯ, ಎದೆಯ ಮೇಲೆ ಕೈಯಿಟ್ಟ ಹುಡುಗನನ್ನು ಆರಿಸಿಕೊಂಡ. 'ವಿಶ್ರಾಂತಿಯಲ್ಲಿರುವವರು' ಪುಟ ತೆರೆದ. ಗುಂಡಿ ಒತ್ತಿದ. ಭಾರ ಜಾಸ್ತಿಯಾಗಲಿಲ್ಲ, ಅನುಮತಿ ಇಲ್ಲ ಎನ್ನಲಿಲ್ಲ, ಕರೆಂಟು ಹೋಗಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಫೋಟೋ ಹೋಯಿತು.

"ಆಯ್ತಾ?"

"ಆಯ್ತು ಮಾಮೆ."

ಅವಳು ಪರದೆಯನ್ನು ನೋಡಿದಳು, ಅವನನ್ನು ನೋಡಿದಳು.

"ಇಷ್ಟೇನಾ?" ಎಂದಳು.